ಒಂದೇ ಪೈಪಿನಲ್ಲಿ ಎರಡು ಕೇಬಲ್

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಆಫೀಸಿನಲ್ಲಿ ಬೆನ್ನ ಹಿಂದೆ 'ಪಟಾಕಿ' ಅನ್ನುತ್ತಾರೆ. ಅನ್ನಲಿ ಬಿಡಿ. ಟೆಲಿಫೋನ್ ಎಕ್ಸ್‌ಚೇಂಜಿನ ಕೇಬಲ್‌ಗಳ ಹೊಣೆ ನನ್ನದು. ಆಂಬುಲೆನ್ಸ್ ಕರೆಗಳಿಗೆಂದು ಎರಡು ಕೇಬಲ್‌ಗಳಿವೆ. ನಕ್ಷೆಯ ಪ್ರಕಾರ ಒಂದು ಸೇತುವೆಯ ಮೇಲೆ, ಇನ್ನೊಂದು ಕಾಲುವೆ ರಸ್ತೆಯಲ್ಲಿ. ಒಂದು ತುಂಡಾದರೂ ಇನ್ನೊಂದು ಉಳಿಯಬೇಕು. ಪರೀಕ್ಷೆಯೂ ಆಗಿತ್ತು: ಒಂದನ್ನು ಆಫ್ ಮಾಡಿದಾಗ ಕರೆಗಳು ಇನ್ನೊಂದರಲ್ಲಿ ಸಲೀಸಾಗಿ ಹೋದವು. ಎಲ್ಲ ಸರಿಯಿದೆ ಎಂದು ಸೋಮವಾರ ನಾನು ಸಹಿ ಹಾಕುವುದೊಂದು ಬಾಕಿ.

ಭಾನುವಾರ ಊಟಕ್ಕೆ ಕೂತಾಗ ಇದನ್ನು ಅಪ್ಪನಿಗೆ ಹೇಳಿದೆ. ಇದೇ ಇಲಾಖೆಯಲ್ಲಿ ಮೂವತ್ತು ವರ್ಷ ಕೇಬಲ್ ಜೋಡಿಸಿ ನಿವೃತ್ತನಾದವನು. ಅವನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು.

"ಕಾಲುವೆ ರಸ್ತೇಲಿ ಕೇಬಲ್ಲೇ ಇಲ್ಲಮ್ಮ," ಎಂದ. "ಬಂಡೆ ಅಡ್ಡ ಬಂತು. ಎರಡನ್ನೂ ಸೇತುವೆಯ ಒಂದೇ ಪೈಪಲ್ಲಿ ತುರುಕಿದ್ವಿ. ಒಂದು ತಿಂಗಳ ಮಟ್ಟಿಗೆ ಅಂತ."

"ನಕ್ಷೇಲಿ ಇದೆಯಲ್ಲಪ್ಪಾ!"

"ನಕ್ಷೆ ಮೊದಲೇ ಬರೆದಿದ್ರು. ಅದರಂತೆ ಕೆಲಸ ಆಗಿದೆ ಅಂತ ಸಹಿ ಹಾಕಿದ್ದು ನಾನೇ."

ಮೈಯೆಲ್ಲ ಉರಿದುಹೋಯಿತು. ಹತ್ತೊಂಬತ್ತು ವರ್ಷದಿಂದ ಹೀಗೇ ಇದೆ! ಸೇತುವೆಗೆ ಪೆಟ್ಟು ಬಿದ್ದರೆ ಊರಿಗೆ ಊರೇ ಆಂಬುಲೆನ್ಸ್ ಕರೆಯಲಾಗದೆ ಒದ್ದಾಡಬೇಕು. ಅಪ್ಪನ ಮೇಲೆ ಅಷ್ಟು ಸಿಟ್ಟು ಎಂದೂ ಬಂದಿರಲಿಲ್ಲ. ಅವನು ಗಳಿಸಿದ ಒಳ್ಳೆಯ ಹೆಸರು ಮಣ್ಣುಪಾಲಾಗುತ್ತದಲ್ಲ ಎಂಬ ಸಂಕಟವೂ ಅಷ್ಟೇ ಇತ್ತು.

"ನಾಳೆ ಕೇಬಲ್ ಗುಂಡಿ ಮುಚ್ಚಳ ತೆಗೆಸ್ತೀನಿ. ನೀನು ಆ ಕಡೆ ತಲೆ ಹಾಕ್ಬೇಡ," ಎಂದೆ.

ಸೋಮವಾರ ಸಾಹೇಬರು ರೇಗಿದರು. "ಪರೀಕ್ಷೆ ಪಾಸಾಗಿದೆ. ಇಲ್ಲದ ತಲೆನೋವು ಯಾಕ್ರೀ?"

"ಸೇತುವೆ ಹತ್ರ ಗುಂಡಿ ಮುಚ್ಚಳ ತೆಗೆಸಿ ಸರ್. ಅಲ್ಲೀವರೆಗೂ ಪೆನ್ನು ಮುಟ್ಟಲ್ಲ."

ಗೊಣಗುತ್ತಲೇ ಬಂದರು. ಇಬ್ಬರು ಕೆಲಸಗಾರರು ಸೇರಿ ಕಬ್ಬಿಣದ ಮುಚ್ಚಳ ಎತ್ತಿದರು. ಒಂದೇ ಪೈಪಿನೊಳಗೆ ಎರಡೂ ಕೇಬಲ್ ಒಂದಕ್ಕೊಂದು ಅಂಟಿಕೊಂಡು ಮಲಗಿದ್ದವು. ಸಾಹೇಬರ ಮುಖ ಬಿಳಿಚಿಕೊಂಡಿತು.

"ಹೋದ ವರ್ಷ ರಿಪೇರಿಗೆ ಬಂದಿದ್ರಲ್ಲ, ಅವರದೇ ಕಿತಾಪತಿ. ಅವರನ್ನ ಕೆಲಸದಿಂದ ತೆಗೀತೀನಿ," ಎಂದರು.

"ಅವರದಲ್ಲ ಸಾರ್. ನಂದು."

ತಿರುಗಿ ನೋಡಿದರೆ ಅಪ್ಪ! ಸೈಕಲ್ಲನ್ನು ಸೇತುವೆಗೆ ಒರಗಿಸಿ ಬಂದು ಗುಂಡಿಯ ಪಕ್ಕ ಮಂಡಿಯೂರಿದ. "ಈ ಜೋಡಣೆ ನೋಡಿ. ಟೇಪನ್ನ ಎಡಗಡೆಯಿಂದ ಸುತ್ತೋನು ನಾನೊಬ್ನೇ."

ಸಾಹೇಬರು ಬಗ್ಗಿ ಟೇಪನ್ನು ನೋಡಿ ಮೆಲ್ಲಗೆ ಹೇಳಿದರು, "ಕಾಲುವೆ ರಸ್ತೆ ಅಗೆಯೋಕೆ ಅನುಮತಿ ಬೇಕು. ತಪ್ಪು ಹೇಗಾಯ್ತು, ಯಾರಿಂದಾಯ್ತು ಅಂತ ಬರೆದ್ರೇನೇ ಮೇಲಿನವರು ಒಪ್ಪೋದು."

ವರದಿಯ ಹಾಳೆಯನ್ನು ಸೇತುವೆಯ ಕಟ್ಟೆಯ ಮೇಲಿಟ್ಟುಕೊಂಡು ಬರೆಯತೊಡಗಿದೆ. ಎಲ್ಲ ಬರೆದೆ. ಹೆಸರಿನ ಜಾಗಕ್ಕೆ ಬಂದಾಗ ಕೈ ಮುಂದಕ್ಕೆ ಹೋಗಲಿಲ್ಲ.

"ಬರಿಯಮ್ಮ," ಎಂದ ಅಪ್ಪ.

ಬರೆದೆ. ಕಣ್ಣು ತುಂಬಿ ಬಂದು ಅಕ್ಷರಗಳು ಸೊಟ್ಟಪಟ್ಟ ಆದವು.

ಅಪ್ಪ ಬಗ್ಗಿ ನೋಡಿದ. "ಹೊಡೆದುಹಾಕಿ ನೆಟ್ಟಗೆ ಬರಿ. ಓದೋಕಾಗ್ಬೇಕು."