ಪೆದ್ದನ್ನನ ತಂಗಿ

ಮಾಸ್ತಿಯಿಂದಾಚೆಗೆ ಒಂದು ಸಣ್ಣ ಊರು. ಅಲ್ಲಿನ ಗಂಗರತ್ನಮ್ಮನ ಮೊಮ್ಮಗಳು ಚಂದನಳಿಗೆ ಮೂರು ವರ್ಷ ತುಂಬಿತ್ತು. ಆದರೂ ಎರಡು ಮಾತು ಸೇರಿಸಿ ಆಡುತ್ತಿರಲಿಲ್ಲ. ನಾಲ್ಕು ಹೆಜ್ಜೆ ಇಟ್ಟರೆ ಮುಗ್ಗರಿಸುತ್ತಿದ್ದಳು. ಯಾರು ಕರೆದರೂ ಮುಖ ತುಂಬ ನಗುತ್ತಿದ್ದಳು. ಬೀದಿಯ ಹೆಂಗಸರು ಮುದ್ದಿನಿಂದಲೇ “ಬಾರೇ ಪೆದ್ದೂ” ಅನ್ನುತ್ತಿದ್ದರು. ಬರಬರುತ್ತಾ ಮನೆಯಲ್ಲೂ ಅದೇ ಹೆಸರು ನಿಂತುಹೋಯಿತು.

ಸೊಸೆ ಸುನಂದಳಿಗೆ ಒಳಗೊಳಗೇ ದಿಗಿಲು. ಆಶಾ ಕಾರ್ಯಕರ್ತೆ ಅಂಬ್ರೀನ್ ಮನೆಗೆ ಬಂದ ದಿನ ತಡೆಯಲಾರದೆ ಹೇಳಿಕೊಂಡಳು. ಅಂಬ್ರೀನ್ ಮಗುವನ್ನು ಸ್ವಲ್ಪ ಹೊತ್ತು ಆಡಿಸಿ ನೋಡಿದಳು. ಆಮೇಲೆ ಹಸುವಿಗೆ ಹುಲ್ಲು ಹಾಕುತ್ತಿದ್ದ ಗಂಗರತ್ನಮ್ಮನ ಹತ್ತಿರ ಹೋದಳು.

“ದೊಡ್ಡಮ್ಮ, ಮಗೂನ ಒಂದ್ಸಲ ಕೋಲಾರದ ದೊಡ್ಡಾಸ್ಪತ್ರೇಗೆ ತೋರಿಸ್ಬಿಡಿ. ಕಿವಿ ಕೇಳ್ತದಾ, ರಕ್ತದಲ್ಲಿ ಏನಾದ್ರೂ ಕಮ್ಮಿ ಐತಾ, ಎಲ್ಲಾ ನೋಡ್ತಾರೆ.”

“ನಮ್ಮ ಕಡೆ ಇದೇನು ಹೊಸ್ದಲ್ಲ ಕಣಮ್ಮ,” ಅಂದಳು ಗಂಗರತ್ನಮ್ಮ. “ನಮ್ಮಣ್ಣ ಮುನಿಯಲ್ಲಪ್ಪನೂ ಹಿಂಗೇ ಇದ್ದ. ಯಾವ ಡಾಕ್ಟ್ರಿಗೂ ತೋರಿಸ್ಲಿಲ್ಲ. ಅರವತ್ತೊರ್ಷ ಬದುಕಲಿಲ್ವಾ? ಅಲ್ಲಿಗೋದ್ರೆ ಪೆದ್ದು ಅಂತ ಕಾಗದದಲ್ಲಿ ಬರ್ದು ಕೊಡ್ತಾರೆ. ಹೆಣ್ಮಗು ಬೇರೆ.”

“ಆ ಮಾತು ಯಾವ ಕಾಗದದಲ್ಲೂ ಇಲ್ಲ ದೊಡ್ಡಮ್ಮ. ಮುಂಚೆ ಬುದ್ಧಿಮಾಂದ್ಯ ಅಂತ ಬರೀತಿದ್ರು. ಜನ ಅದನ್ನೂ ಬೈಗುಳ ಮಾಡ್ಕೊಂಡ್ರು. ಈಗ ವಿಶೇಷಚೇತನ ಅಂತಾರೆ.”

“ಹೆಸ್ರು ಬದಲಾಯ್ಸಿದ್ರೆ ಮಗು ಬದಲಾಗ್ಬಿಡ್ತದಾ?”

“ಇಲ್ಲ. ಆದ್ರೆ ಪೆದ್ದು ಅಂದ್ಬಿಟ್ರೆ ಅಲ್ಲಿಗೆ ಮುಗೀತು. ಆಮೇಲೆ ಯಾರೂ ಏನೂ ಕಲ್ಸೋಕೆ ಹೋಗಲ್ಲ.”

ಅಂಬ್ರೀನ್ ಹೋದ ಮೇಲೆ ಗಂಗರತ್ನಮ್ಮ ಅವರೆಕಾಯಿ ಬಿಡಿಸುತ್ತಾ ಕೂತಳು. ಕೈ ಕಾಯಿಯ ಮೇಲಿತ್ತು, ಮನಸ್ಸು ಮುಳಬಾಗಿಲು ಕಡೆಯ ತವರಿಗೆ ಹೋಗಿತ್ತು.

ತವರಿನಲ್ಲಿ ಮನೆಮಾತು ತೆಲುಗು. ಮುನಿಯಲ್ಲಪ್ಪ ಮನೆಯ ಹಿರಿಮಗ. ತಮ್ಮ ತಂಗಿಯರಿಗೆಲ್ಲ ಅವನು ಪೆದ್ದನ್ನ. ತೆಲುಗಿನಲ್ಲಿ ಹಾಗೆಂದರೆ ದೊಡ್ಡಣ್ಣ. ಅವ್ವ ಅವನನ್ನು “ಪೆದ್ದೋಡಾ” ಎಂದು ಕೂಗಿದರೆ ಆ ದನಿಯಲ್ಲಿ ಎಷ್ಟು ಹೆಮ್ಮೆ ಇರುತ್ತಿತ್ತು! ಅವನು ತಂಗಿ ಗಂಗರತ್ನಮ್ಮನನ್ನು ಹೆಗಲ ಮೇಲೆ ಕೂರಿಸಿಕೊಂಡು ಕೆರೆ ಏರಿಯ ಮೇಲೆ ಓಡುತ್ತಿದ್ದ. ಹುಣಸೆ ಚಿಗುರು ಕಿತ್ತು, ಮೊದಲು ಅವಳ ಬಾಯಿಗೆ ಇಟ್ಟು, ಆಮೇಲೆ ತಾನು ತಿನ್ನುತ್ತಿದ್ದ. ಹತ್ತು ವರ್ಷದವನಾದರೂ ಅವಳ ಜೊತೆ ಒಂದನೇ ಕ್ಲಾಸಿಗೆ ಸೇರಿದ್ದ.

ಒಂದು ದಿನ ಸ್ಕೂಲು ಬಿಟ್ಟಾಗ ಅವಳು ಜಗುಲಿಯ ಮೇಲೆ ನಿಂತು ಜೋರಾಗಿ ಕೂಗಿದಳು: “ಪೆದ್ದನ್ನಾ, ಇಂಟಿಕಿ ಪೋದಾಂ ರಾ!” ಅಣ್ಣಾ, ಮನೆಗೆ ಹೋಗೋಣ ಬಾ ಎಂದಷ್ಟೇ. ಕನ್ನಡ ಮಾತಾಡುವ ಹುಡುಗರು ಬಿದ್ದು ಬಿದ್ದು ನಕ್ಕರು. ಅವರ ಕಿವಿಗೆ ಅದು ದೊಡ್ಡವನು ಅಂತ ಕೇಳಿಸಲಿಲ್ಲ, ದಡ್ಡ ಅಂತ ಕೇಳಿಸಿತು. ಮಾರನೇ ದಿನದಿಂದ ಇಡೀ ಸ್ಕೂಲೇ ಅವನನ್ನು ಪೆದ್ದ ಎಂದು ಕರೆಯಿತು. ಅಣ್ಣನಿಗೆ ಅದು ಗೊತ್ತಾಗಲೇ ಇಲ್ಲ. ಎಲ್ಲರೂ ತನ್ನನ್ನು ದೊಡ್ಡಣ್ಣ ಅನ್ನುತ್ತಿದ್ದಾರೆ ಎಂದುಕೊಂಡು ಖುಷಿಯಿಂದ ತಿರುಗಿ ನೋಡುತ್ತಿದ್ದ.

ಮೇಷ್ಟ್ರು ಅವನಿಗೆ ಪಾಠ ಹೇಳುವುದನ್ನು ಬಿಟ್ಟರು. ಅಪ್ಪ ಸ್ಕೂಲು ಬಿಡಿಸಿದ. ಅವ್ವನ ಬಾಯಿಂದ “ಪೆದ್ದೋಡಾ” ಎಂಬ ಕರೆ ಮತ್ತೆಂದೂ ಬರಲಿಲ್ಲ. ಅಪ್ಪ ಅವ್ವ ತೀರಿಕೊಂಡ ಮೇಲೆ ಅಣ್ಣ ತಂಗಿಯ ಮನೆಗೇ ಬಂದು ಉಳಿದ. ತಪ್ಪದೆ ಡೈರಿಗೆ ಹಾಲು ಹೊತ್ತ. ಆದರೆ ಕೊನೆಯವರೆಗೂ ಅವನ ಅಂಗಿಯ ಗುಂಡಿ ಹಾಕುತ್ತಿದ್ದದ್ದು ಗಂಗರತ್ನಮ್ಮನೇ.

ಅಂಬ್ರೀನ್ ಬಂದುಹೋದ ವಾರವೇ ಅಂಗನವಾಡಿಯಲ್ಲಿ ಮಕ್ಕಳ ತೂಕ ನೋಡುತ್ತಿದ್ದರು. ಗಂಗರತ್ನಮ್ಮ ಮೊಮ್ಮಗಳನ್ನು ಕರೆದುಕೊಂಡು ಹೋಗಿದ್ದಳು. ಹೊಸದಾಗಿ ಬಂದಿದ್ದ ನರ್ಸಮ್ಮ ಬಗ್ಗಿ ಕೇಳಿದಳು: “ನಿನ್ನ ಹೆಸ್ರೇನು ಪುಟ್ಟಿ?”

“ಪೆದ್ದು,” ಅಂದಳು ಚಂದನ. ಸ್ಪಷ್ಟವಾಗಿ, ನಗುನಗುತ್ತಾ.

ಸುತ್ತಲಿದ್ದವರು ನಕ್ಕರು. ಮಗುವೂ ನಕ್ಕಿತು. ಗಂಗರತ್ನಮ್ಮ ಮಗುವನ್ನು ಎತ್ತಿಕೊಂಡವಳೇ ನೇರ ಅಂಬ್ರೀನಳ ಮನೆ ಬಾಗಿಲಿಗೆ ಹೋದಳು.

“ಯಾವ ಬಸ್ಸಿಗೆ ಹೋಗ್ಬೇಕು ಹೇಳಮ್ಮ,” ಅಂದಳು.

ಮಗ ಉಮೇಶ್, ಸುನಂದ, ಗಂಗರತ್ನಮ್ಮ ಮೂವರೂ ಮಗುವಿನ ಜೊತೆ ಕೋಲಾರಕ್ಕೆ ಹೋದರು. ಕಿವಿ ಸರಿಯಾಗಿತ್ತು. ರಕ್ತದಲ್ಲೂ ತೊಂದರೆ ಇರಲಿಲ್ಲ. ಡಾಕ್ಟರಮ್ಮ ಬಿಡಿಸಿ ಹೇಳಿದರು: “ಬುದ್ಧಿ ಬೆಳವಣಿಗೆ ಸ್ವಲ್ಪ ನಿಧಾನ. ಮಾತ್ರೆ ಕೊಟ್ಟು ವಾಸಿ ಮಾಡೋ ಅಂಥದ್ದಲ್ಲ. ಆದ್ರೆ ಕಲಿಸಿದ್ರೆ ಕಲೀತಾಳೆ. ಇಷ್ಟು ಬೇಗ ಕರ್ಕೊಂಡ್ ಬಂದಿದ್ದು ಒಳ್ಳೇದಾಯ್ತು.”

ಪಕ್ಕದ ಕೋಣೆಯಲ್ಲಿ ಮಕ್ಕಳಿಗೆ ತರಬೇತಿ ನಡೆಯುತ್ತಿತ್ತು. ಒಬ್ಬ ಹುಡುಗ ಬಟ್ಟೆಗೆ ಹೊಲಿದ ದೊಡ್ಡ ದೊಡ್ಡ ಗುಂಡಿಗಳನ್ನು ಹಾಕುತ್ತಿದ್ದ, ಬಿಚ್ಚುತ್ತಿದ್ದ. ಗಂಗರತ್ನಮ್ಮ ನಿಂತಲ್ಲೇ ನಿಂತಳು.

“ಇದನ್ನ ಇಂಥೋರಿಗೆ ಕಲಿಸ್ಬೋದಾ?”

“ಕಲಿಸ್ಬೋದಮ್ಮ. ಒಂದಷ್ಟು ತಿಂಗಳು ಹಿಡೀತದೆ, ಅಷ್ಟೇ,” ಅಂದರು ಕಲಿಸುತ್ತಿದ್ದವರು.

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದಳು. ಸುನಂದ ಬಂದು ಅತ್ತೆಯ ತೋಳು ಹಿಡಿದುಕೊಂಡಳು.

ಊರಿಗೆ ಬಂದ ಮೇಲೆ ಗಂಗರತ್ನಮ್ಮ ಬೀದಿಯವರಿಗೆಲ್ಲ ಹೇಳಿದಳು: “ಇನ್ಮೇಲೆ ಚಂದನ ಅಂತ್ಲೇ ಕರೀರಿ.” ಎದುರು ಮನೆಯ ಆದಿಲಕ್ಷ್ಮಮ್ಮನಿಗೆ ಸಿಟ್ಟು ಬಂತು. “ಪ್ರೀತಿಗೆ ಕರದ್ವಪ್ಪ, ಅದ್ರಾಗೇನು ತಪ್ಪು?”

“ನಾನೂ ಪ್ರೀತಿಗೇ ಕರ್ದಿದ್ದೆ ಕಣೇ, ನಮ್ಮಣ್ಣನ್ನ,” ಅಂದಳು ಗಂಗರತ್ನಮ್ಮ.

ಎಂಟು ತಿಂಗಳಾಯಿತು. ಚಂದನ ಈಗ ಲೋಟ ಹಿಡಿದು ತಾನೇ ಹಾಲು ಕುಡಿಯುತ್ತಾಳೆ, ಅರ್ಧ ಚೆಲ್ಲುತ್ತಾಳೆ. ಮೊನ್ನೆ “ಅಜ್ಜಿ, ಬಾ” ಅಂದಳು. ಎರಡು ಮಾತು, ಒಟ್ಟಿಗೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಮಗು ಒಂಬತ್ತು ತಿಂಗಳಾದರೂ ಕೂರದಿದ್ದರೆ, ಒಂದೂವರೆ ವರ್ಷವಾದರೂ ನಡೆಯದಿದ್ದರೆ, ಎರಡು ವರ್ಷ ತುಂಬಿದರೂ ಎರಡು ಮಾತು ಸೇರಿಸಿ ಆಡದಿದ್ದರೆ ಸುಮ್ಮನಿರಬೇಡಿ. ಇಂದೇ ನಿಮ್ಮೂರಿನ ಆಶಾ ಕಾರ್ಯಕರ್ತೆಗೆ ತಿಳಿಸಿ. ಮೂರು ವರ್ಷ ದಾಟಿತೆಂದು ಕೈಬಿಡಬೇಡಿ, ಯಾವ ವಯಸ್ಸಿನಲ್ಲಾದರೂ ಕಲಿಸಬಹುದು. ಹಾಗೆಯೇ, ಆ ಮಗುವಿಗೆ ನೀವು ಇಟ್ಟ ಹೆಸರೊಂದು ಇದೆಯಲ್ಲ, ಅದನ್ನೇ ಬಾಯಿ ತುಂಬ ಕರೆಯಿರಿ.