ಕಶ್ಯಪ ಭಟ್ಟರ ವೈರಾಗ್ಯ

ಶೃಂಗೇರಿಯ ಕಶ್ಯಪ ಭಟ್ಟರು ಸಂತಾನಕ್ಕೆಂದು ಹಿಡಿದ ನಲವತ್ತೆಂಟು ದಿನದ ವ್ರತ ಮುಗಿದಾಗ, ಅವರ ಮುಖ ನೋಡಲೆಂದೇ ನೆಂಟರು ಬಂದಿದ್ದರು. ವ್ರತದಲ್ಲಿದ್ದಷ್ಟು ದಿನ ಕ್ಷೌರ ಮಾಡಿಸುವಂತಿಲ್ಲ. ಮೂವತ್ತೆಂಟರ ಗಂಡಸಿಗೆ ಅಷ್ಟರಲ್ಲಿ ಬೆರಳಿಗೆ ಸಿಗುವಷ್ಟು ಗಡ್ಡ ಬರಬೇಕಿತ್ತು. ಬಂದದ್ದು ಗಲ್ಲದ ತುದಿಯಲ್ಲಿ ನಾಲ್ಕು ಎಳೆ.

"ತೇಜಸ್ಸು ಅಂದ್ರೆ ಇದು," ಎಂದು ತಾಯಿ ಅಂಬುಜಾಕ್ಷಮ್ಮ ಕಣ್ಣೊರೆಸಿಕೊಂಡರು. "ಮಾಣಿ ಮುಖ ನೋಡಿ, ತೊಳೆದಿಟ್ಟ ಬೆಣ್ಣೆ. ಇಂದ್ರಿಯ ಗೆದ್ದವರ ಲಕ್ಷಣ."

ಪಾನಕ ಹಂಚುತ್ತಿದ್ದ ಹೆಂಡತಿ ಭಾರ್ಗವಿ ಪಾತ್ರೆಯನ್ನು ಠಣ್ಣೆಂದು ಕುಕ್ಕಿದಳು. ಕಾಮನನ್ನು ಸುಡಲು ಶಿವನಿಗೂ ಮೂರನೆಯ ಕಣ್ಣು ಬೇಕಾಯಿತು. ತನ್ನ ಗಂಡನಿಗೋ ಇರುವ ಎರಡೇ ಸರಿಯಾಗಿ ಕಾಣುತ್ತಿರಲಿಲ್ಲ. ಬಾಗಿಲ ಚೌಕಟ್ಟಿಗೆ ದಿನಕ್ಕೆರಡು ಸಲ ಭುಜ ಹೊಡೆಸಿಕೊಳ್ಳುತ್ತಿದ್ದರು. ಮಧ್ಯಾಹ್ನಕ್ಕೇ ಸುಸ್ತು, ತಲೆನೋವು; ರಾತ್ರಿ ಗೋಡೆಯತ್ತ ತಿರುಗಿ ಮಲಗಿದರೆ ಮುಗಿಯಿತು. ಮದುವೆಯಾಗಿ ಎಂಟು ವರ್ಷ, ಅದರಲ್ಲಿ ಆರು ಹೀಗೇ. ಊರು ಅದನ್ನು ವೈರಾಗ್ಯವೆಂದು ಕರೆದು ಕೈಮುಗಿಯಿತು. ಮಕ್ಕಳಾಗದ ದೋಷವನ್ನು ಮಾತ್ರ ಭಾರ್ಗವಿಯ ತಲೆಗೆ ಕಟ್ಟಿತು. ನಾಗಪೂಜೆ ಅವಳಿಗೆ, ಉಪವಾಸ ಅವಳಿಗೆ, ಕಹಿ ಕಷಾಯ ಅವಳಿಗೆ, ಮೂರು ಸಲ ಸ್ಕ್ಯಾನಿಂಗೂ ಅವಳಿಗೇ. ಬಿತ್ತದವನನ್ನು ಬಿಟ್ಟು ಗದ್ದೆಯನ್ನು ಬೈದ ಹಾಗಾಯಿತು.

ಭಟ್ಟರು ಸ್ಕೂಟರನ್ನು ದಾರಿಬದಿಯ ಎಮ್ಮೆಗೆ ತಾಗಿಸಿಕೊಂಡು ಬಂದ ದಿನ ಭಾರ್ಗವಿಯ ತಾಳ್ಮೆ ಕೆಟ್ಟಿತು. ಗಂಡನನ್ನು ಕೊಪ್ಪದ ಕಣ್ಣಿನ ಡಾಕ್ಟರ್ ಅರ್ಪಣಾ ಹತ್ತಿರ ಕರೆದೊಯ್ದಳು. ಡಾಕ್ಟರು ಎದುರು ಕೂತು, ಎರಡೂ ಪಕ್ಕಕ್ಕೆ ಬೆರಳು ಹಿಡಿದು ಆಡಿಸಿದರು.

"ಕಾಣ್ತಾ ಭಟ್ರೆ?"

"ಎಂತದು?"

ಅಲ್ಲಿಂದ ಶಿವಮೊಗ್ಗ, ತಲೆಯ ಸ್ಕ್ಯಾನು, ರಕ್ತಪರೀಕ್ಷೆ. ಅಲ್ಲಿನ ಡಾಕ್ಟರು ಬಿಡಿಸಿ ಹೇಳಿದರು. ಮೆದುಳಿನ ಬುಡದಲ್ಲಿ ಕಡಲೆಕಾಳಿನಷ್ಟು ದೊಡ್ಡ ಗ್ರಂಥಿ ಇದೆ, ಪಿಟ್ಯುಟರಿ ಎಂದು. ಅದರಲ್ಲೊಂದು ಗಂಟು ಬೆಳೆದಿದೆ. ಕ್ಯಾನ್ಸರ್ ಅಲ್ಲ. ಆದರೆ ಬಾಣಂತಿಯರಲ್ಲಿ ಹಾಲು ಬರಿಸುವ ಹಾರ್ಮೋನನ್ನು ಅದು ಮಿತಿಮೀರಿ ಸುರಿಸುತ್ತಿದೆ, ಅದರಿಂದ ಗಂಡಸಿನ ಟೆಸ್ಟೋಸ್ಟಿರಾನ್ ಬತ್ತಿಹೋಗಿದೆ. ಗಡ್ಡ, ಬಲ, ಆಸೆ ಎಲ್ಲ ಹೋದದ್ದು ಅದರಿಂದಲೇ. ಮಗು ಆಗದಿರುವುದಕ್ಕೂ ಅದೇ ಕಾರಣವಿರಬಹುದು. ಕಣ್ಣಿನ ನರವನ್ನೂ ಒತ್ತುತ್ತಿದೆ. "ವಾರಕ್ಕೆ ಎರಡು ದಿನ ಗುಳಿಗೆ. ಹೆಚ್ಚಿನವರಿಗೆ ಇದರಲ್ಲೇ ಕರಗುತ್ತೆ. ತಡ ಮಾಡಿದ್ರೆ ದೃಷ್ಟಿ ವಾಪಸ್ ಬರೋದು ಕಷ್ಟ."

ಹತ್ತು ದಿನವಾದರೂ ಭಟ್ಟರು ಗುಳಿಗೆಯ ಪೊಟ್ಟಣ ಒಡೆಯಲಿಲ್ಲ. ನರಸಿಂಹರಾಜಪುರದ ಯುವಕರ ಶಿಬಿರದಲ್ಲಿ ಇಂದ್ರಿಯನಿಗ್ರಹದ ಮೇಲೆ ಅವರ ಉಪನ್ಯಾಸ ನಿಗದಿಯಾಗಿತ್ತು.

"ಶಿಬಿರ ಒಂದು ಮುಗೀಲಿ ಮಾರಾಯ್ತಿ. ಈಗಲೇ ನುಂಗಿ, ಮನಸ್ಸು ಚಂಚಲ ಆದ್ರೆ?"

"ಆಗ್ಲಿ ಮಾರಾಯ್ರೆ! ಆರು ವರ್ಷದಿಂದ ನಾನು ಕಾಯ್ತಿರೋದು ಅದಕ್ಕೇ ಅಲ್ದಾ?"

ಭಟ್ಟರು ತಲೆ ತಗ್ಗಿಸಿದರು. "ಅಮ್ಮಂಗೆ ಎಂತ ಹೇಳೋದು? ನೀನೇ ಹೇಳು."

"ನಾನ್ಯಾಕೆ ಹೇಳ್ಲಿ? ದೋಷ ನಂದು ಅಂತ ಊರೆಲ್ಲ ಹೇಳ್ವಾಗ ಕಲ್ಲುಕಂಬದ ಹಾಗೆ ಕೂತಿದ್ರಿ. ಈಗ ನಿಮ್ಮ ಬಾಯಲ್ಲೇ ಬರ್ಬೇಕು."

ಭಟ್ಟರು ತಾಯಿಯ ಹತ್ತಿರ ಹೋಗಿ ಉಪನ್ಯಾಸದ ಮಾತನ್ನಷ್ಟೇ ಆಡಿ ಬಂದರು. ಭಾರ್ಗವಿಗೆ ಮನೆಯ ಗಂಟೆ, ಜಾಗಟೆ ಎಲ್ಲವನ್ನೂ ಒಟ್ಟಿಗೆ ಬಡಿಯಬೇಕೆನಿಸುತ್ತಿತ್ತು.

ಅಷ್ಟರಲ್ಲಿ ಶಿಬಿರ ನಡೆಸುವ ಶೆಟ್ಟಿಕೊಪ್ಪದ ಗಣಪತಿಯವರು ಆಮಂತ್ರಣ ಪತ್ರಿಕೆ ಹಿಡಿದು ಬಂದರು. ಜಗಲಿಯಲ್ಲಿ ಭಟ್ಟರಿಗೆ ಅಡ್ಡಬಿದ್ದು, ಪತ್ರಿಕೆಯನ್ನು ಪಕ್ಕದ ಮಣೆಯ ಮೇಲಿಟ್ಟರು. ಅದರಲ್ಲಿ ಭಟ್ಟರ ಹೆಸರಿನ ಜೊತೆ 'ಸಂಸಾರದಲ್ಲಿದ್ದೂ ಋಷಿಯಂತಿರುವ' ಎಂದು ಅಚ್ಚಾಗಿತ್ತು. ಭಾರ್ಗವಿ ಕಾಫಿ ಲೋಟಗಳನ್ನು ಅಲ್ಲೇ ಇಟ್ಟು ಬಾಗಿಲಲ್ಲಿ ನಿಂತಳು.

"ಮಗನಿಗೆ ದೇವರು ಇಂಥ ಮನಸ್ಸು ಕೊಟ್ಟ," ಎಂದರು ಅಂಬುಜಾಕ್ಷಮ್ಮ. "ಸೊಸೆ ಮಡಿಲೊಂದು ತುಂಬಿದ್ರೆ ಸಾಕಿತ್ತು. ಅವಳು ಪಡ್ಕೊಂಡು ಬಂದಿಲ್ಲ, ಎಂತ ಮಾಡೋದು?"

ಭಟ್ಟರು ಪತ್ರಿಕೆ ತೆಗೆದುಕೊಳ್ಳಲು ಕೈ ಚಾಚಿದರು. ಪಕ್ಕದಲ್ಲಿದ್ದ ಲೋಟ ಅವರಿಗೆ ಕಾಣಲಿಲ್ಲ. ಬಿಸಿ ಕಾಫಿ ಪತ್ರಿಕೆಯ ಮೇಲೆಲ್ಲ ಹರಿದು ಗಣಪತಿಯವರ ಪಂಚೆಗೂ ಇಳಿಯಿತು.

"ಲೋಟವನ್ನ ಯಾರಾದ್ರೂ ಅಲ್ಲಿ ಇಡ್ತಾರನೇ?" ಅತ್ತೆ ಸೊಸೆಯತ್ತ ತಿರುಗಿದರು.

"ಅವಳಿಗೆ ಬೈಬೇಡ ಅಮ್ಮ," ಎಂದರು ಭಟ್ಟರು. "ನಂಗೆ ಪಕ್ಕದ್ದು ಕಾಣೂದಿಲ್ಲ. ತಲೆಯೊಳಗೆ ಗಂಟಿದೆ. ಗಡ್ಡ ಬರದೇ ಇದ್ದಿದ್ದು ಅದರಿಂದ, ವ್ರತದಿಂದ ಅಲ್ಲ. ಇಂದ್ರಿಯ ನಾನೆಂತದೂ ಗೆದ್ದಿಲ್ಲ, ಅದೇ ಬತ್ತಿಹೋಗಿದೆ. ದೋಷ ಇದ್ದಿದ್ದು ನನ್ನಲ್ಲಿ."

ಗಣಪತಿಯವರು ಪಂಚೆ ಹಿಂಡುವುದನ್ನು ಮರೆತರು. ಆಮೇಲೆ ಮೆಲ್ಲಗೆ, "ಪೋಸ್ಟರು ಹಚ್ಚಿ ಆಗಿದೆಯಲ್ಲ ಭಟ್ರೆ," ಎಂದರು.

"ಬೇರೆಯವರನ್ನ ಕರೀರಿ. ಇಲ್ಲಾಂದ್ರೆ ನಾನು ಅಲ್ಲಿ ಇದನ್ನೇ ಮಾತಾಡ್ತೆ."

ಅಂಬುಜಾಕ್ಷಮ್ಮ ಕಂಬಕ್ಕೊರಗಿ ಕೂತರು. ಮಗನನ್ನು ನೋಡಿದರು, ನೆಲದ ಕಾಫಿಯನ್ನು ನೋಡಿದರು, ಸೊಸೆಯತ್ತ ಮಾತ್ರ ಕಣ್ಣೆತ್ತಲಿಲ್ಲ. ಆರು ವರ್ಷ ತನ್ನ ಮೇಲೆ ದೋಷ ಹೊರಿಸಿದ್ದಕ್ಕೆ ಒಂದಾದರೂ ಮಾತು ಬಂದೀತೆಂದು ಭಾರ್ಗವಿ ಕಾದಳು. ಅತ್ತೆ ಸೆರಗು ಸರಿಮಾಡಿಕೊಳ್ಳುತ್ತ ಕೇಳಿದರು:

"ಗುಳಿಗೆ ಊಟಕ್ಕೆ ಮುಂಚೆಯನೇ ಭಾರ್ಗವಿ, ಆಮೇಲಾ?"

"ಅವರನ್ನೇ ಕೇಳಿ ಅತ್ತೆ," ಎಂದಳು ಅವಳು. "ಗುಳಿಗೆ ಅವರದು."