ಕೆಳಗಿಳಿದ ಬಲಗೈ

ಗಂಡನ ಕೈಯಿಂದ ಚಹಾದ ಲೋಟ ಮತ್ತೆ ಜಾರಿ ಬಿದ್ದಾಗ ಕಾಶವ್ವ ನೆಲ ಒರೆಸುವುದನ್ನೂ ಬಿಟ್ಟು ಸೀರೆ ಬದಲಿಸಿದಳು. ಮುರಿಗೆಪ್ಪ ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಹಗಲು ಮಲಗಿ ಗೊತ್ತಿಲ್ಲದ ಮನುಷ್ಯ ಈಚೆಗೆ ತಲೆನೋವೆನ್ನುತ್ತಿದ್ದ, ಉಣ್ಣುವ ತಟ್ಟೆಯ ಮುಂದೆಯೇ ತೂಕಡಿಸುತ್ತಿದ್ದ. ನೆರೆಯವರು ವಯಸ್ಸು ಅಂದರು, ಪಿತ್ತ ಅಂದರು. ಅವಳಿಗೆ ಸಮಾಧಾನವಾಗಲಿಲ್ಲ. ಹಟ ಹಿಡಿದು ಯಶವಂತಪುರದ ಡಾಕ್ಟರ್ ಜಾಹಿದಾ ಅವರಲ್ಲಿಗೆ ಕರೆದೊಯ್ದಳು.

ಜಾಹಿದಾ ಅವಸರ ಮಾಡಲಿಲ್ಲ. ಹೆಸರು, ಊರು, ಇವತ್ತು ಯಾವ ವಾರ ಎಂದೆಲ್ಲ ಕೇಳಿದರು. ಮುರಿಗೆಪ್ಪ ತಡೆದು ತಡೆದಾದರೂ ಸರಿಯಾಗಿಯೇ ಹೇಳಿದ. ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿದರು.

“ತಲೆಗೆ ಏಟೇನಾದ್ರೂ ಬಿದ್ದಿತ್ತಾ?”

“ಇಲ್ರೀ,” ಅಂದರು ಗಂಡ ಹೆಂಡತಿ ಇಬ್ಬರೂ.

“ಎರಡೂ ಕೈ ಮುಂದೆ ಚಾಚಿ. ಅಂಗೈ ಮೇಲೆ ಮಾಡಿ, ಕಣ್ಮುಚ್ಕೊಳ್ಳಿ.”

ಎಡಗೈ ನಿಂತಲ್ಲೇ ನಿಂತಿತು. ಬಲಗೈ ಮೆಲ್ಲಗೆ ಒಳಕ್ಕೆ ತಿರುಗಿ ಕೆಳಗಿಳಿಯತೊಡಗಿತು.

“ಎರಡೂ ಸಮ ಅದಾವಲ್ರೀ?” ಎಂದ ಮುರಿಗೆಪ್ಪ, ಮುಚ್ಚಿದ ಕಣ್ಣಿನಲ್ಲೇ.

ಕಣ್ಣು ಬಿಟ್ಟವನು ತನ್ನ ಕೈಯನ್ನೇ ಬೇರೆ ಯಾರದೋ ಎಂಬಂತೆ ನೋಡಿದ.

“ಸಣ್ಣ ಏಟಾದ್ರೂ ಹೇಳಿ. ಹೋದ ತಿಂಗಳದ್ದಾದ್ರೂ ಸರಿ,” ಎಂದರು ಜಾಹಿದಾ.

ಅವನು ಹೆಂಡತಿಯ ಕಡೆ ನೋಡಿ ತಲೆ ತಗ್ಗಿಸಿದ. “ಹೋದ ತಿಂಗಳ ನಮ್ಮ ಕಾರ್ಖಾನಿ ಸಂಗಪ್ಪನ ಲೂನಾ ಗಾಡಿ ಕಲಿಯಾಕ ಹೋಗಿ ಬಿದ್ದಿದ್ದೆ ರೀ, ತಲಿಗೆ ಸ್ವಲ್ಪ ಬಡಿದಿತ್ತು. ಈಕಿ ಬೈತಾಳಂತ ಹೇಳಿದ್ದಿಲ್ಲ.”

“ಈ ವಯಸ್ಸಿನಾಗ ಲೂನಾ ಯಾಕ ಬೇಕಾಗಿತ್ತು?” ಎಂದಳು ಕಾಶವ್ವ.

“ಬಸ್ಸಿಗೆ ನಿಂತು ನಿಂತು ನಿನ್ನ ಕಾಲು ನೋಯ್ತಾವಂತ...”

ಬೈಯಲು ಹೊರಟವಳು ಅವನ ಬಲಗೈಯನ್ನು ತನ್ನ ಕೈಯಲ್ಲಿ ಹಿಡಿದುಕೊಂಡಳು.

“ತಲೆಬುರುಡೆಯೊಳಗೆ ಎಡಗಡೆ ನಿಧಾನವಾಗಿ ರಕ್ತ ಸೇರಿ ಮೆದುಳನ್ನ ಒತ್ತುತ್ತಿರಬಹುದು. ಅದಕ್ಕೇ ಬಲಗೈ ಸೋಲ್ತಿದೆ. ಖಚಿತವಾಗ್ಬೇಕಾದ್ರೆ ಸ್ಕ್ಯಾನ್ ಮಾಡಿಸ್ಬೇಕು. ಈಗ್ಲೇ ಹೊರಡಿ,” ಎಂದು ಜಾಹಿದಾ ದೊಡ್ಡಾಸ್ಪತ್ರೆಗೆ ತಾವೇ ಫೋನ್ ಮಾಡಿದರು.

ಬೆಂಗಳೂರಿಗೆ ಸ್ಕ್ಯಾನ್ ಯಂತ್ರ ಬಂದ ಹೊಸತು. ಅದರಲ್ಲಿ ನೋಡಿದಾಗ ಜಾಹಿದಾ ಅವರ ಊಹೆ ನಿಜವಾಗಿತ್ತು. ಅಂದೇ ಸಂಜೆ ಬುರುಡೆಗೆ ರಂಧ್ರ ಕೊರೆದು ಕಪ್ಪು ರಕ್ತವನ್ನು ಹೊರತೆಗೆದರು.

ಮನೆಗೆ ಬಂದ ಮೇಲೆ ಅಂಗಿಯ ಗುಂಡಿ ಹಾಕಿಕೊಳ್ಳಲು ಅವನಿಗೆ ಬಹಳ ಹೊತ್ತು ಹಿಡಿಯುತ್ತಿತ್ತು. ಕಾಶವ್ವನ ಕೈ ತಾನಾಗಿ ಮುಂದೆ ಹೋಗುತ್ತಿತ್ತು. ಅವನೇ ಮಾಡಿಕೊಳ್ಳಲಿ ಎಂದು ಜಾಹಿದಾ ಹೇಳಿದ್ದರಿಂದ ಬಾಗಿಲಿಗೊರಗಿ ಸುಮ್ಮನೆ ಕಾಯುತ್ತಿದ್ದಳು. ದೀಪಾವಳಿಯ ಹೊತ್ತಿಗೆ ಮುರಿಗೆಪ್ಪ ಕಾರ್ಖಾನೆಗೆ ಹೋಗತೊಡಗಿದ.